ಬೇಡ ಬಿಡು, ಟೆರೋಯ್

ಬುಗ್ನಾಯ್, ಬೊಹೋಲ್
೧೪ ಆಗಸ್ಟ್ ೧೯೯೭, ಗುರುವಾರ

ಪ್ರೀತಿಯ ಅಪ್ಪಾ,

ಕಣ್ಣು ಹೇಗಿದೆ? ಪೊರೆ ತೆಗೆಸಿ ಐದು ವಾರವಾಯಿತು. ಹನಿ ಔಷಧಿ ಹೊತ್ತುಹೊತ್ತಿಗೆ ಹಾಕಿಸಿಕೊಳ್ಳುತ್ತಿದ್ದೀರಾ, ಇಲ್ಲ ಅಣ್ಣ ನೆಸ್ತೋರನ ಮೇಲೆ ಕೂಗಾಡಿ ಬಾಟಲಿಯನ್ನು ಅಟ್ಟಕ್ಕೆ ಎಸೆದಿದ್ದೀರಾ? ನಿಮ್ಮನ್ನು ಬಲ್ಲೆ. ಆ ಹಸಿರು ಕನ್ನಡಕ ಹಾಕಿಕೊಂಡು ಕಮಿಗಿನ್ ದ್ವೀಪದ ಬಿಸಿಲಲ್ಲಿ ಪೇಪರು ಓದುತ್ತಾ ಕೂತಿರುತ್ತೀರಿ. ಓದಬೇಡಿ. ಅಣ್ಣ ಓದಿ ಹೇಳಲಿ. ಈ ಪತ್ರವೊಂದನ್ನು ಮಾತ್ರ ನೀವೇ ಓದಿ, ನಿಧಾನಕ್ಕೆ, ಎರಡು ದಿನ ಹಿಡಿದರೂ ಸರಿ. ಮಂಡಿಗೆ ಬೆಚ್ಚಗಿನ ಎಣ್ಣೆ ತಿಕ್ಕಿಸಿಕೊಳ್ಳಿ. ಸಿರ್ಕದಲ್ಲಿ ನೆನೆಸಿದ ಹಸಿಮೀನಿಗೆ ಮೆಣಸಿನಕಾಯಿ ಹಿಡಿ ಹಿಡಿ ಹಾಕುವುದನ್ನು ಬಿಟ್ಟಿದ್ದೀರಿ ಎಂದು ಅಣ್ಣ ಬರೆದಿದ್ದ. ನನಗೆ ನಂಬಿಕೆಯಿಲ್ಲ.

ನಾವೆಲ್ಲ ಚೆನ್ನಾಗಿದ್ದೇವೆ ಎಂದು ಬರೆದು ಅದನ್ನು ಎರಡು ಸಲ ಹೊಡೆದುಹಾಕಿದೆ. ಈ ವಿಷಯಕ್ಕೆ ನಾನು ನಿಮಗೆ ಬರೆಯುತ್ತಿರುವ ಮೂರನೆಯ ಪತ್ರ ಇದು. ಮೊದಲಿನ ಎರಡು ಒಲೆಗೆ ಹೋದವು. ನಾಲ್ಕು ಸಾಲು ಬರೆಯುವುದು, ಏಳುವುದು, ಬಾಗಿಲ ತನಕ ಹೋಗುವುದು, ಮತ್ತೆ ಬಂದು ಕೂರುವುದು, ಬೆಳಗಿನಿಂದ ಇದೇ ಆಗಿದೆ. ಅಕ್ಕಿ ತೊಳೆದಿಟ್ಟು ಒಲೆ ಹಚ್ಚುವುದನ್ನು ಮರೆತೆ. ನನ್ನ ಗಂಡ ಕಾರ್ಲಿಟೊ ಬಂದು ಮುಚ್ಚಳ ತೆಗೆದು ನೋಡಿ, "ಏನೇ ಇದು, ಅಕ್ಕಿಗೆ ಸ್ನಾನ ಮಾಡ್ಸಿ ಮಲಗ್ಸಿದ್ದೀಯಾ?" ಎಂದ. ನಗು ಬರಲಿಲ್ಲ.

ಅಪ್ಪಾ, ಕೋರ್ಟಿನಲ್ಲಿ ನಾನೊಂದು ತಪ್ಪು ಮಾಡಿದೆ. ಮೂವತ್ತೊಂದು ವರ್ಷ ನೀವು ಕೂತ ದುಭಾಷಿಯ ಕುರ್ಚಿಯಲ್ಲಿ ಕೂತೇ ಮಾಡಿದೆ. ಬೇರೆ ಯಾರ ಬಾಯಿಂದಲೋ ನಿಮಗೆ ತಿಳಿಯುವ ಮೊದಲು ನಾನೇ ಹೇಳಬೇಕು.

ಟೆರೋಯ್ ನಿಮಗೆ ನೆನಪಿರಬೇಕು, ಮೇಲಿನ ಕೇರಿಯಲ್ಲಿ ಕಳ್ಳು ಇಳಿಸುವವನು, ಲೂದಿಯ ಗಂಡ. ಹೋದ ಅಕ್ಟೋಬರಿನಲ್ಲಿ ಅವನ ಸೋದರಮಾವ ಇಯೋ ಸಿಲ್ಯೊ ತೆಂಗಿನ ಮರದಿಂದ ಬಿದ್ದು ತೀರಿಕೊಂಡ ಸುದ್ದಿ ಬರೆದಿದ್ದೆ. ಬೇಲಿಯ ಮೇಲಿನ ಎರಡು ತೆಂಗಿನ ಮರ ಯಾರದು ಎಂದು ಮಾವ ಅಳಿಯ ಹಿಂದಿನ ವಾರವಷ್ಟೇ ಜಗಳವಾಡಿದ್ದರು, ಕೇರಿಗೆಲ್ಲ ಕೇಳಿಸಿತ್ತು. ಇಯೋ ಬಿದ್ದಾಗ ಟೆರೋಯ್ ಅದೇ ಮರದ ಬುಡದಲ್ಲಿದ್ದ, ಕೈಯಲ್ಲಿ ಕಳ್ಳಿನ ಕುಡುಗೋಲು. ಅಷ್ಟು ಸಾಕಾಯಿತು. ಹತ್ತಿ ಹೋಗಿ ಮಾವನ ಕಾಲಿಗೆ ಕುಡುಗೋಲು ಬೀಸಿದ, ಅದಕ್ಕೇ ಮುದುಕ ಬಿದ್ದ ಎಂದು ಪೊಲೀಸರು ಬರೆದರು. ಟೆರೋಯ್ ಹೇಳಿದ್ದು ಬೇರೆ. ಮೇಲೆ ಇಯೋಗೆ ತಲೆ ಸುತ್ತುತ್ತಿತ್ತು, ಮರವನ್ನು ತಬ್ಬಿಕೊಂಡು ನಿಂತುಬಿಟ್ಟಿದ್ದ, ಇಳಿಸಿಕೊಂಡು ಬರಲು ನಾನು ಹತ್ತುತ್ತಿದ್ದೆ, ಅಷ್ಟರಲ್ಲಿ ಕೈ ಬಿಟ್ಟ ಎಂದ. ಕಾಲಿನ ಗಾಯ ಕುಡುಗೋಲಿನದೋ, ಬೀಳುವಾಗ ಹತ್ತಲೆಂದು ಮರದಲ್ಲಿ ಕಡಿದ ಕಚ್ಚಿಗೆ ತಾಗಿದ್ದೋ, ವೈದ್ಯರು ಖಚಿತವಾಗಿ ಹೇಳಲಿಲ್ಲ. ಕಂಡವರು ಯಾರೂ ಇಲ್ಲ. ಕೇಳಿಸಿಕೊಂಡವಳು ಒಬ್ಬಳಿದ್ದಳು, ಬಿದಿರು ಬೇಲಿಯ ಆಚೆ ಬಟ್ಟೆ ಒಗೆಯುತ್ತಿದ್ದ, ಕೇರಿಗೆಲ್ಲ ಅಜ್ಜಿಯಾದ ಇಯಾ ಪಾನ್ಸ್ಯಾ. ಎಪ್ಪತ್ತಾರು ವರ್ಷ, ಎಲೆಯಡಿಕೆ ಜಗಿಯುವ ಬಾಯಿ, ಕಿವಿ ಮಾತ್ರ ಚುರುಕು.

ಮಾರ್ಚ್ ಇಪ್ಪತ್ತರಂದು ಅವಳ ಸಾಕ್ಷಿ. ಬೆಳಗಿನಿಂದ ಅದು ನಾಲ್ಕನೆಯ ಕೇಸು. ಫ್ಯಾನು ಕೆಟ್ಟಿತ್ತು, ಗಂಟೆ ಹನ್ನೆರಡು ಹೊಡೆಯುವುದರಲ್ಲಿತ್ತು. ಬೀಳುವ ಮುಂಚೆ ಏನು ಕೇಳಿಸಿತು ಎಂದು ಸರ್ಕಾರಿ ವಕೀಲರು ಕೇಳಿದರು. ಇಯಾ ಹೇಳಿದಳು, ಇಯೋ ಸಿಲ್ಯೊ ಮೇಲಿಂದ "ಅಯಾವ್, ಟೆರೋಯ್. ಅಯಾವ್ ಲಾಂಗ್" ಎಂದ. ನಾನು ನಿಂತಲ್ಲೇ ಇಂಗ್ಲಿಷಿಗೆ ತಿರುಗಿಸಿದೆ: "ಸ್ಟಾಪ್, ಟೆರೋಯ್. ಜಸ್ಟ್ ಸ್ಟಾಪ್." ಕೋರ್ಟಿನ ಸ್ಟೆನೊ ಬೆಬಿಂಗ್ ಅದನ್ನೇ ಶೀಘ್ರಲಿಪಿಯಲ್ಲಿ ಬರೆದುಕೊಂಡಳು. ಇಯಾ ಇನ್ನೂ ಏನೋ ಹೇಳಲು ಬಾಯಿ ತೆರೆದಳು. ನಾನೇ ಅವಳ ಮೊಣಕೈ ಮುಟ್ಟಿ, "ಕೇಳಿದ್ದಕ್ಕಷ್ಟೇ ಉತ್ತರ ಹೇಳಿ, ಇಯಾ" ಎಂದೆ. ಮುದುಕಿ ಬಾಯಿ ಮುಚ್ಚಿಕೊಂಡಳು. ಹೊಟ್ಟೆ ಹಸಿದಿತ್ತು, ಅಪ್ಪಾ. ಬೇರೆ ಕಾರಣ ಹುಡುಕಿ ನೋಡಿದ್ದೇನೆ, ಸಿಕ್ಕಿಲ್ಲ.

ನನಗೆ ಹನ್ನೆರಡು ವರ್ಷವಾಗಿದ್ದಾಗ ಇದೇ ಅಡುಗೆಮನೆಯಲ್ಲಿ ನೀವು ಕಲಿಸಿದ್ದಿರಿ. ಇಂಗ್ಲಿಷಿನವರು ಎಲ್ಲಕ್ಕೂ ಒಂದು ನೋ, ಒಂದು ನಾಟ್ ಇಟ್ಟುಕೊಂಡು ಜೀವನ ಮಾಡುತ್ತಾರೆ, ನಮ್ಮ ಬಿಸಾಯಾ ಮಾತಿನಲ್ಲಿ ಹಾಗಲ್ಲ ಎಂದಿರಿ. ಖಾಲಿ ಪಾತ್ರೆ ತೋರಿಸಿ, "ಇದು ವಲಾ" ಎಂದಿರಿ. ಅನ್ನ ಇಲ್ಲ, ಬರಲಿಲ್ಲ, ನೋಡಲಿಲ್ಲ, ಎಲ್ಲ ವಲಾ. ಆಮೇಲೆ ಹಾಗಲಕಾಯಿ ಪಲ್ಯವನ್ನು ನನ್ನ ಮುಂದೆ ಸರಿಸಿದಿರಿ. ನಾನು ಮುಖ ತಿರುಗಿಸಿದೆ. "ಇದು ದಿಲಿ" ಎಂದಿರಿ. ತಿನ್ನುವುದಿಲ್ಲ, ಒಲ್ಲೆ, ಇದು ಅದಲ್ಲ, ಎಲ್ಲ ದಿಲಿ. ಕೊನೆಗೆ ಅದನ್ನು ನಾಯಿಗೆ ಹಾಕಲು ಹೊರಟಾಗ ಅಂಗೈ ಎತ್ತಿ ಅಡ್ಡ ಹಿಡಿದಿರಿ. "ಇದು ಅಯಾವ್." ಬೇಡ, ಮಾಡಬೇಡ, ಡೋಂಟ್. ವಲಾ ಅಂದವನಿಗೆ ವುಡ್ ನಾಟ್ ಹಾಕಿದರೆ, ದಿಲಿ ಅಂದವನಿಗೆ ಡಿಡ್ ನಾಟ್ ಹಾಕಿದರೆ ಮನುಷ್ಯ ಜೈಲಿಗೆ ಹೋಗುತ್ತಾನೆ ಎಂದಿರಿ. ನಾನು ಆ ಎರಡನ್ನೂ ಹನ್ನೊಂದು ವರ್ಷ ಕಣ್ಣಲ್ಲಿ ಕಣ್ಣಿಟ್ಟು ಕಾದೆ. ಎಡವಿದ್ದು ಮೂರನೆಯದರಲ್ಲಿ. ಅಯಾವ್ ಎಂದರೆ ಸ್ಟಾಪ್ ಅಲ್ಲ. ಸ್ಟಾಪ್ ಎಂದರೆ ಆಗಲೇ ಏನೋ ನಡೆಯುತ್ತಿದೆ, ಅದನ್ನು ನಿಲ್ಲಿಸು ಎಂದು. ಅದರ ಪಕ್ಕಕ್ಕೆ ಲಾಂಗ್ ಬಂದರಂತೂ ಅದು ಬೇಡುವ ಮಾತೇ ಅಲ್ಲ. ಬೇಡ ಬಿಡು, ಪರವಾಗಿಲ್ಲ, ತೊಂದರೆ ತಗೋಬೇಡ.

ನಾಲ್ಕು ತಿಂಗಳು ನನಗಿದು ಹೊಳೆಯಲೇ ಇಲ್ಲ. ಸರ್ಕಾರಿ ವಕೀಲರು ಬಿಸಾಯಾ ಆಡುವವರೇ, ಟೆರೋಯ್ ಕಡೆಯ ವಕೀಲರೂ ಬಿಸಾಯಾ ಆಡುವವರೇ. ಕೋರ್ಟಿನೊಳಗೆ ಕಾಲಿಟ್ಟ ಮೇಲೆ ಎಲ್ಲರ ಕಿವಿಯೂ ಇಂಗ್ಲಿಷಿಗೆ ತಿರುಗಿಬಿಡುತ್ತದೆ. ಜಡ್ಜ್ ಲಂಡಿಚೊ ಮೇಡಂ ಬತಾಂಗಸ್ ಕಡೆಯವರು, ತಗಾಲಾಗ್ ಮನೆಮಾತು. ನಮ್ಮ ಸಾಕ್ಷಿಗಳ ಮಾತು ಅವರಿಗೆ ತಲುಪುವುದು ನನ್ನ ಬಾಯಿಯ ಮೂಲಕ ಮಾತ್ರ.

ಜುಲೈ ಇಪ್ಪತ್ತನಾಲ್ಕಕ್ಕೆ ಪಕ್ಕದ ಬೀದಿಯಲ್ಲಿ ಸಾವಿನ ಮನೆ. ಒಂಬತ್ತು ದಿನದ ಪ್ರಾರ್ಥನೆಗೆ ಅಡುಗೆ ಮಾಡಲು ಹೆಂಗಸರೆಲ್ಲ ಸೇರಿದ್ದೆವು. ನಾಂಗ್ ಓಪೆಂಗ್ ಏಣಿ ಹತ್ತಿ ಅಟ್ಟದಿಂದ ದೊಡ್ಡ ಕಡಾಯಿ ಇಳಿಸುತ್ತಿದ್ದಳು. ಅವಳ ವಯಸ್ಸಿಗೆ ಅದೆಲ್ಲ ಬೇಕಿರಲಿಲ್ಲ, ಏಣಿ ಅಲ್ಲಾಡುತ್ತಿತ್ತು. ನಾನು ಮೊದಲ ಮೆಟ್ಟಿಲಿಗೆ ಕಾಲಿಟ್ಟೆ. ಮೇಲಿಂದ ಅವಳು ತಿರುಗಿಯೂ ನೋಡದೆ, "ಅಯಾವ್, ನಿಮ್ಫಾ. ಅಯಾವ್ ಲಾಂಗ್, ನಾನೇ ಇಳಿಸ್ತೀನಿ" ಎಂದಳು. ಅಪ್ಪಾ, ಆ ಏಣಿಯ ಕೆಳಗೆ ನನ್ನ ಕಾಲು ಹಾಗೇ ಉಳಿದುಬಿಟ್ಟಿತು. ಮೇಲೊಬ್ಬ, ಕೆಳಗೊಬ್ಬ, ಹತ್ತಲು ಹೊರಟವನಿಗೆ ಮೇಲಿನವನು ಹೇಳುವ ಮಾತು ಅದು. ನಾಂಗ್ ಓಪೆಂಗ್, "ಏನಮ್ಮಾ, ದೆವ್ವ ಬಡೀತಾ? ಸರಿ ಆಚೆಗೆ, ತಲೆ ಮೇಲೆ ಕಡಾಯಿ ಬಿದ್ರೆ ನನ್ನ ಬಯ್ಬೇಡ" ಎಂದಳು. ನಾನು ಈರುಳ್ಳಿ ಹೆಚ್ಚುವ ಚಾಕುವನ್ನು ಅಲ್ಲೇ ಬಿಟ್ಟು, ಹೇಳದೆ ಕೇಳದೆ ಕೋರ್ಟಿಗೆ ಓಡಿದೆ.

ಬೆಬಿಂಗ್ ಕಡತ ತೆಗೆದುಕೊಟ್ಟಳು. ಹದಿನಾಲ್ಕನೆಯ ಪುಟ. ಸ್ಟಾಪ್, ಟೆರೋಯ್, ಜಸ್ಟ್ ಸ್ಟಾಪ್. ಸರ್ಕಾರಿ ವಕೀಲರ ಕೊನೆಯ ವಾದದಲ್ಲಿ ಆ ಸಾಲು ಐದು ಕಡೆ ಇತ್ತು, ಒಂದು ಕಡೆ ಅಡಿಗೆರೆ ಎಳೆದು. ತೀರ್ಪು ಆಗಸ್ಟ್ ಐದಕ್ಕೆ. ಬೆಬಿಂಗ್ ನನ್ನ ಮುಖ ನೋಡಿಯೇ ತಿಳಿದುಕೊಂಡಳು. "ನೀನು ಬಾಯಲ್ಲಿ ಹೇಳಿದ್ದನ್ನ ನಾನು ಟೈಪ್ ಮಾಡಿದೀನಿ ಕಣೇ. ಆ ಹೊತ್ತಿಗೆ ಯಾರೂ ಚಕಾರ ಎತ್ತಲಿಲ್ಲ. ಈಗ ಕೆದಕಿದ್ರೆ ಮೊದ್ಲು ಹೋಗೋದು ನಿನ್ನ ಕೆಲ್ಸ, ಆಮೇಲೆ ನಿಮ್ಮಪ್ಪನ ಹೆಸ್ರು" ಎಂದಳು. ಅವಳು ಕೆಟ್ಟವಳಲ್ಲ, ಹೆದರಿದ್ದಳು, ಅಷ್ಟೇ. ನಾನೂ ಹೆದರಿದ್ದೆ.

ಹನ್ನೊಂದು ದಿನ ಸುಮ್ಮನಿದ್ದೆ. ಇದನ್ನು ಬರೆಯಲಿಕ್ಕೇ ಎರಡು ಪತ್ರ ಸುಟ್ಟದ್ದು. ಊಟಕ್ಕೆ ಕೂತರೆ ಎದ್ದುಬಿಡುತ್ತಿದ್ದೆ. ಇಯಾ ಪಾನ್ಸ್ಯಾಳ ಮನೆಗೆ ಹೋಗಿ ಇನ್ನೊಮ್ಮೆ ಹೇಳಿಸೋಣ ಎಂದು ಎರಡು ಸಲ ಅರ್ಧ ದಾರಿ ನಡೆದೆ. ಸಾಕ್ಷಿಯನ್ನು ಮನೆಯಲ್ಲಿ ಕಾಣುವುದು ಅದಕ್ಕಿಂತ ದೊಡ್ಡ ತಪ್ಪೆಂದು ತಿರುಗಿ ಬಂದೆ. ನನ್ನ ನೆನಪೇ ತಪ್ಪಿದ್ದರೆ? ಮುದುಕಿ ಬರೀ ಅಯಾವ್ ಅಂದಿದ್ದು, ಲಾಂಗ್ ನಾನೇ ಸೇರಿಸಿಕೊಂಡಿದ್ದರೆ? ಆದರೆ ಅವಳು ಲಾಂಗ್ ಅಂದಿರದಿದ್ದರೆ ನನ್ನ ಇಂಗ್ಲಿಷಿನಲ್ಲಿ ಆ ಜಸ್ಟ್ ಎಲ್ಲಿಂದ ಬಂತು? ಹೀಗೆ ಸುತ್ತಿ ಸುತ್ತಿ ತಲೆ ಕೆಟ್ಟುಹೋಯಿತು. ಅದರ ನಡುವೆ ಭಾನುವಾರ ಸಂತೆಯಲ್ಲಿ ಲೂದಿ ಸಿಕ್ಕಳು, ಸೊಂಟದಲ್ಲಿ ಆರು ತಿಂಗಳ ಹೆಣ್ಣುಮಗು. ಟೆರೋಯ್ ಒಳಗಿದ್ದಾಗ ಹುಟ್ಟಿದ್ದು. ಅವನು ಇನ್ನೂ ಎತ್ತಿಕೊಂಡಿಲ್ಲ. ನನ್ನನ್ನು ಕಂಡು ಅವಳು ಮುಖ ಅರಳಿಸಿ, ಬುಟ್ಟಿಯಿಂದ ಎರಡು ಬದನೆಕಾಯಿ ತೆಗೆದು ನನ್ನ ಚೀಲಕ್ಕೆ ಹಾಕಿದಳು. "ಮಂಗಳವಾರ ಗೊತ್ತಾಗುತ್ತಲ್ವಾ ಮೇಡಂ? ನೀವು ಒಳಗಡೆ ಇರೋರು, ಹೆಂಗನ್ನಿಸ್ತದೆ?" ಎಂದು ಕೇಳಿದಳು. ನಾನು "ಅಂಬೋಟ್" ಎಂದೆ. ಗೊತ್ತಿಲ್ಲ ಎಂದೆ, ಅಪ್ಪಾ. ನನಗೆ ಗೊತ್ತಿತ್ತು.

ಮರುದಿನ ಬೆಳಿಗ್ಗೆ ಕೋರ್ಟು ಶುರುವಾಗುವ ಮುಂಚೆ ಜಡ್ಜ್ ಕೋಣೆಯ ಬಾಗಿಲು ತಟ್ಟಿದೆ. ಅವರು ಕಾಫಿಗೆ ರೊಟ್ಟಿ ಅದ್ದುತ್ತಿದ್ದರು. ನಿಂತೇ ಎಲ್ಲವನ್ನೂ ಹೇಳಿದೆ. ಅವರು ರೊಟ್ಟಿಯನ್ನು ತಟ್ಟೆಯಲ್ಲಿಟ್ಟು, "ನಮ್ಮ ಕಡೆ ಅಯಾವ್ ಅಂದ್ರೆ ಅವನಿಗೆ ಇಷ್ಟ ಇಲ್ಲ ಅಂತ. ಎರಡು ವರ್ಷದಿಂದ ನಿಮ್ಮ ಜನ ಅಯಾವ್ ಅಂದಾಗೆಲ್ಲ ನಾನು ನಿನ್ನ ಮುಖ ನೋಡ್ತೀನಿ. ಯಾಕೆ ಹೇಳು? ನನ್ನ ಕಿವಿಯನ್ನ ನಾನು ನಂಬಲ್ಲ, ನಿನ್ನ ಬಾಯಿಯನ್ನ ನಂಬ್ತೀನಿ" ಎಂದರು. ಬೈದಿದ್ದರೆ ಸಹಿಸಬಹುದಿತ್ತು. ಆಮೇಲೆ, "ಎಷ್ಟು ದಿನದಿಂದ ಗೊತ್ತು ನಿಂಗೆ?" ಎಂದು ಕೇಳಿದರು. ಹನ್ನೊಂದು ದಿನ ಎಂದೆ. "ಆ ಹನ್ನೊಂದು ದಿನ ಅವನು ಎಲ್ಲಿದ್ದ?" ಎಂದರು. ತೀರ್ಪು ಮುಂದಕ್ಕೆ ಹೋಯಿತು. ಇಯಾಳನ್ನು ಮತ್ತೆ ಕರೆಸುವ ಆದೇಶ ಬರೆದರು. ನಾನು ತಿರುಗಿಸುವಂತಿಲ್ಲ, ತಗ್ಬಿಲರನ್‌ನಿಂದ ಬೇರೆ ದುಭಾಷಿ ಬರಬೇಕು.

ಎಂಟನೆಯ ತಾರೀಕು ಶುಕ್ರವಾರ. ಮೊದಲ ಸಲ ಜನರ ಬೆಂಚಿನಲ್ಲಿ ಕೂತೆ, ಕೊನೆಯ ಸಾಲಿನಲ್ಲಿ. ಇಯಾ ಪಾನ್ಸ್ಯಾ ಹಬ್ಬದ ಹೂವಿನ ಅಂಗಿ ಹಾಕಿಕೊಂಡು ಬಂದಿದ್ದಳು. ಹೊಸ ದುಭಾಷಿ ಕೇಳಿದ ಕೂಡಲೇ ಅದೇ ಮಾತು ಹೇಳಿದಳು: ಅಯಾವ್, ಟೆರೋಯ್. ಅಯಾವ್ ಲಾಂಗ್. ಅವನು ಡೋಂಟ್ ಬಾದರ್ ಎಂದ. ನನ್ನ ನೆನಪು ತಪ್ಪಿರಲಿಲ್ಲ. ಸಮಾಧಾನಪಡಬೇಕೋ ಅಳಬೇಕೋ ತಿಳಿಯದೆ ಬೆಂಚಿನ ಅಂಚು ಹಿಡಿದುಕೊಂಡೆ. ಸರ್ಕಾರಿ ವಕೀಲರು ಬಿಡುವವರಲ್ಲ. "ಹಾಗಾದ್ರೆ ಅವನು ನಿಲ್ಲಿಸು ಅನ್ನಲಿಲ್ವಾ?" ಎಂದರು. ಇಯಾ "ಹೌದು" ಎಂದಳು. ದುಭಾಷಿ ಯೆಸ್ ಎಂದ. ವಕೀಲರು ಗೆದ್ದವರ ಹಾಗೆ ತಿರುಗಿ, "ಅಂದ ಅಂತ ಒಪ್ಪಿಕೊಂಡಳು, ಮೇಡಂ" ಎಂದರು. ಇಯಾ ಸಿಟ್ಟಿಗೆದ್ದಳು. "ಏನ್ ಒಪ್ಪಿಕೊಂಡೆ? ಅನ್ನಲಿಲ್ವಾ ಅಂತ ನೀವು ಕೇಳಿದ್ರಿ. ಹೌದು, ಅನ್ನಲಿಲ್ಲ ಅಂದೆ. ನಿಮ್ ಬಾಯಿ ನಿಮ್ಗೇ ಕೇಳ್ಸಲ್ವಾ ಮಗಾ?" ಜನ ನಕ್ಕರು. ಜಡ್ಜ್ ಮೇಜು ತಟ್ಟಿ, ಯಾವ ದನಿಯಲ್ಲಿ ಹೇಳಿದ, ಹೆದರಿ ಕಿರುಚಿದನೋ ಎಂದು ತಾವೇ ಕೇಳಿದರು. ಮುದುಕಿ ಸ್ವಲ್ಪ ಯೋಚಿಸಿ, "ಮನೆಗೆ ಬಂದೋರು ನೀರು ಬೇಕಾ ಅಂದ್ರೆ ಬೇಡ ಬಿಡಮ್ಮಾ ಅಂತಾರಲ್ಲ, ಹಂಗೆ. ಸುಸ್ತಾಗಿತ್ತು ಅವನ ದನಿ. ಅದಕ್ಕೂ ಮುಂಚೆ ಟೆರೋಯ್ ಕೆಳಗಿಂದ 'ಅಲ್ಲೇ ಹಿಡ್ಕೊಳ್ಳಿ ಇಯೋ, ಬಂದೆ' ಅಂತ ಕೂಗಿದ್ದ" ಎಂದಳು. ಇದನ್ನು ಮೊದಲು ಯಾಕೆ ಹೇಳಲಿಲ್ಲ ಎಂದು ಜಡ್ಜ್ ಕೇಳಿದರು. ಇಯಾ ಬೆಂಚುಗಳ ಕಡೆ ಕಣ್ಣಾಡಿಸಿ, ನನ್ನನ್ನು ಹುಡುಕಿ, ಬೆರಳು ತೋರಿಸಿದಳು. "ಹೇಳಕ್ಕೆ ಹೋದೆ. ಕೇಳಿದ್ದಕ್ಕಷ್ಟೇ ಹೇಳು ಅಂದ್ಲು ಆ ಹುಡುಗಿ. ಒಳ್ಳೇ ಹುಡುಗೀನೇ. ಸೆಬಿಯೊ ಮಗಳಲ್ವಾ?"

ಸೆಬಿಯೊ ಮಗಳು. ಎಲ್ಲರೂ ತಿರುಗಿ ನೋಡಿದರು, ಅಪ್ಪಾ.

ಮೊನ್ನೆ ಮಂಗಳವಾರ ತೀರ್ಪು ಬಂದು ಟೆರೋಯ್ ಬಿಡುಗಡೆಯಾದ. ಹತ್ತು ತಿಂಗಳಲ್ಲಿ ಅವನ ಹೆಗಲು ಇಳಿದುಹೋಗಿದೆ. ಮೆಟ್ಟಿಲ ಬಳಿ ಲೂದಿ ಮಗುವನ್ನು ಅವನ ಕೈಗೆ ಕೊಟ್ಟಳು. ಅದು ಅಪರಿಚಿತನೆಂದು ಚೀರಿಕೊಂಡಿತು, ಅವನು ಗಾಬರಿಯಾಗಿ ವಾಪಸು ಕೊಟ್ಟ. ನಾನು ಕ್ಷಮೆ ಕೇಳಲು ಹತ್ತಿರ ಹೋದೆ. ನನ್ನ ಬಾಯಿಂದ ಮಾತು ಹೊರಡುವ ಮೊದಲೇ ಅವನು, ಸಿಟ್ಟಿಲ್ಲದೆ, ನಿಜವಾಗಿ ತಿಳಿದುಕೊಳ್ಳಲೆಂಬಂತೆ ಹೇಳಿದ: "ಆವತ್ತು ನೀವು ಸ್ಟಾಪ್ ಅಂದಿದ್ದು ನಂಗೂ ಕೇಳಿಸ್ತು ಮೇಡಂ. ಸ್ಟಾಪ್ ಅಂದ್ರೆ ನಂಗೊತ್ತು, ಬಸ್ ನಿಲ್ಲೋ ಕಡೆ ಬರೆದಿರ್ತಾರಲ್ಲ. ಇಯೋ ಹಂಗಂದಿಲ್ವಲ್ಲ ಅನ್ನಿಸ್ತು. ಆದ್ರೆ ಕೋರ್ಟಿನ ಇಂಗ್ಲಿಷು ಬೇರೆ ಇರ್ತದೇನೋ ಅಂತ ಸುಮ್ನಾದೆ." ಅವರು ಮೂವರೂ ಜೀಪು ಹತ್ತಿ ಹೋದರು.

ನನಗೆ ಲಿಖಿತ ಎಚ್ಚರಿಕೆ ಬಂದಿದೆ. ಒಂದು ತಿಂಗಳು ಸಾಕ್ಷಿಗಳ ಹತ್ತಿರ ನಿಲ್ಲುವಂತಿಲ್ಲ. ಹಿಂದಿನ ಕೋಣೆಯಲ್ಲಿ ಬೆಬಿಂಗ್ ಜೊತೆ ಕೂತು ಹಳೆಯ ಕಡತಗಳನ್ನು ಓದಬೇಕು. ಯಾರಾದರೂ ಆಡಿದ ಅಯಾವ್ ಎಲ್ಲೆಲ್ಲಿ ಇಂಗ್ಲಿಷಿನಲ್ಲಿ ದಾರಿ ತಪ್ಪಿದೆ ಎಂದು ಪಟ್ಟಿ ಮಾಡಿ ಜಡ್ಜ್‌ಗೆ ಕೊಡಬೇಕು. ನಿನ್ನೆಯಿಂದ ಶುರುಮಾಡಿದ್ದೇವೆ. ಧೂಳಿಗೆ ಬೆಬಿಂಗ್ ಸೀನುತ್ತಾಳೆ, ಸೀನುವಾಗೆಲ್ಲ ನನ್ನನ್ನು ಬಯ್ಯುತ್ತಾಳೆ. ಕೆಲಸ ಹೋಗಲಿಲ್ಲ ಎಂದು ಕಾರ್ಲಿಟೊಗೆ ಖುಷಿ. ನನಗೆ ಒಂದು ಕಡೆ ಕೂರಲು ಆಗುತ್ತಿಲ್ಲ, ಅಷ್ಟೇ.

ಅಣ್ಣನಿಗೆ, ಅತ್ತಿಗೆಗೆ ನನ್ನ ನೆನಪು ತಿಳಿಸಿ. ನಿಮ್ಮ ಕೈಯನ್ನು ಹಣೆಗೆ ಒತ್ತಿಕೊಂಡು ಆಶೀರ್ವಾದ ಬೇಡುತ್ತಿದ್ದೇನೆ. ಸಿಟ್ಟಿದ್ದರೂ ಕೊಡಿ.

ನಿಮ್ಮ ಮಗಳು,
ನಿಮ್ಫಾ

ಇನ್ನೊಂದು ಮಾತು, ಶುಕ್ರವಾರ ಮಧ್ಯಾಹ್ನ, ಅವಸರದಲ್ಲಿ: ಪತ್ರ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಬೆಳಿಗ್ಗೆ ಬೆಬಿಂಗ್ ಸೀನಲು ಹೊರಗೆ ಹೋದಾಗ ಒಂದು ಕಡತ ಸಿಕ್ಕಿತು, ೧೯೮೫ರದು. ನಾನಿನ್ನೂ ಕೆಲಸಕ್ಕೆ ಸೇರಿರಲಿಲ್ಲ. ಒಂದೇ ದೋಣಿಯಲ್ಲಿ ಡೈನಮೈಟ್ ಹಾಕಿ ಮೀನು ಹಿಡಿಯಲು ಹೋದ ಇಬ್ಬರು, ಒಬ್ಬ ಸತ್ತ. ಸಾಯುವ ಮುಂಚೆ ಅವನು ಕೂಗಿದ್ದು ಪೊಲೀಸರು ಬರೆದುಕೊಂಡ ಬಿಸಾಯಾ ಹೇಳಿಕೆಯಲ್ಲಿ ಹಾಗೇ ಇದೆ: "ಅಯಾವ್ ಉಸಾ!" ಈಗಲೇ ಬೇಡ, ತಡಿ ಎಂದು. ಇಬ್ಬರೂ ಕೂಡಿ ಮಾಡುತ್ತಿದ್ದ ಕೆಲಸದಲ್ಲಿ ಒಬ್ಬ ಇನ್ನೊಬ್ಬನಿಗೆ ಹೇಳುವ ಮಾತು. ಕೋರ್ಟಿನ ಇಂಗ್ಲಿಷಿನಲ್ಲಿ ಉಸಾ ಇಲ್ಲ. "ನೋ, ಡೋಂಟ್!" ಎಂದಷ್ಟೇ ಇದೆ, ಕೆಳಗೆ ನಿಮ್ಮ ಹೆಸರು. ಉಳಿದವನು ಕೊಲೆ ಮಾಡಿದ ಎಂದು ತೀರ್ಪು. ನಿಮಗೆ ಆಮೇಲೆ ಯಾವತ್ತಾದರೂ ಇದು ಹೊಳೆದಿತ್ತೇ ಎಂದು ನಾನು ಕೇಳುವುದಿಲ್ಲ. ನನಗೆ ಹೊಳೆದ ಮೇಲೂ ಹನ್ನೊಂದು ದಿನ ಬೇಕಾಯಿತು. ಸೋಮವಾರ ಈ ಕಡತವನ್ನು ಜಡ್ಜ್ ಮೇಜಿನ ಮೇಲೆ ಇಡುತ್ತೇನೆ. ಅವರು ಕೇಳಿದರೆ ಹೇಳಲು ನೀವೇ ಬೇಕು. ಪತ್ರವನ್ನು ಇವತ್ತಿನ ದೋಣಿಯವನ ಕೈಯಲ್ಲೇ ಕಳಿಸುತ್ತಿದ್ದೇನೆ. ಭಾನುವಾರದ ದೋಣಿಗೆ ಬನ್ನಿ, ಹಗ್ನಾ ಬಂದರಿನಲ್ಲಿ ಕಾಯುತ್ತಿರುತ್ತೇನೆ. ಆ ಉಳಿದವನ ಹೆಸರು ಹೋನೊರಿಯೊ ಬಸಾಲೊ. ದಾವಾವ್ ಜೈಲಿನಲ್ಲಿದ್ದಾನೆ. ಬದುಕಿದ್ದಾನೆ ಅಪ್ಪಾ, ಫೋನು ಮಾಡಿ ವಿಚಾರಿಸಿದೆ.